ಸೋಲದ ತಂಡದ ಜೊತೆ ಹುಕ್ಕೇರಿಗೆ

ನಾವು ಗೋಕಾಕ ಬಿಟ್ಟಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಯುದ್ಧದ ಕಾಲ. ಪೆಟ್ರೋಲು ಸರಕಾರದ ಲಾರಿಗಳಿಗೇ ಸಾಲದು, ನಮ್ಮ ಬಸ್ಸಿಗೆ ಎಲ್ಲಿಂದ ಬರಬೇಕು? ಬೆನ್ನಿಗೆ ದೊಡ್ಡ ಒಲೆ ಕಟ್ಟಿಕೊಂಡು ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸು ಅದು. ಓಡುವುದು ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ. ಏರು ಬಂದಲ್ಲೆಲ್ಲ ನಾವೇ ಇಳಿದು ದಬ್ಬಬೇಕು, ಮೇಲೆ ಟಿಕೇಟಿನ ನಾಲ್ಕಾಣೆ ಬೇರೆ.

ಬಸ್ಸಿನ ತುಂಬ ನಮ್ಮ ತಾಲೀಮಿನ ಫುಟ್‌ಬಾಲ್ ತಂಡದವರು ಮತ್ತು ನಮ್ಮಂಥ ಅಭಿಮಾನಿಗಳು. ತಾಲೀಮು ಎಂದರೆ ಕುಸ್ತಿಯ ಗರಡಿ. ಗಿರಣಿಯ ಸಾಹೇಬರು ಚೆಂಡು ಒದೆಯುವುದನ್ನು ನೋಡಿ ನೋಡಿ ನಮ್ಮ ಪೈಲ್ವಾನರಿಗೂ ಆ ಹುಚ್ಚು ಹತ್ತಿತ್ತು. ಗುರು ಮಾತ್ರ ಹಳೆಯವರೇ, ವಸ್ತಾದ ಮಲ್ಲಪ್ಪನವರು. ಚೆಂಡಿನ ಆಟ ಅವರಿಗೆ ಎಳ್ಳಷ್ಟೂ ತಿಳಿಯದು. ಆದರೆ ಮೈ ಅವರಿಗೆ ತಿಳಿಯುತ್ತದೆ ಎಂದು ಊರೆಲ್ಲ ನಂಬಿತ್ತು. ಆಟಕ್ಕೆ ಹೊರಡುವ ಮುನ್ನ ಪ್ರತಿಯೊಬ್ಬನೂ ಗರಡಿಯ ಹನುಮಪ್ಪನಿಗೆ ಕೈಮುಗಿದು ಹೆಗಲಿಗೆ ಕೆಂಪು ಮಣ್ಣು ಹಚ್ಚಿಕೊಳ್ಳಬೇಕು. ನಾನು ದರ್ಜಿ. ತಂಡದ ಅಂಗಿ ಹೊಲಿದವನು ನಾನೇ ಆದ್ದರಿಂದ ಬಸ್ಸಿನಲ್ಲಿ ನನಗೂ ಒಂದು ಜಾಗವಿತ್ತು.

ಆ ಮಳೆಗಾಲದಲ್ಲಿ ಆಡಿದ ಆಟವನ್ನೆಲ್ಲ ನಮ್ಮವರು ಗೆದ್ದಿದ್ದರು. ಹೊಳೆ ದಾಟಿ ಅರಭಾವಿ ಮುಟ್ಟುವವರೆಗೂ ಬಸ್ಸಿನಲ್ಲಿ ಅದೇ ಚರ್ಚೆ. ತಂಡ ಖರೇನೇ ಗಟ್ಟಿಯೋ, ಅಥವಾ ಎದುರಾದವರೇ ಬಡಪಾಯಿಗಳೋ? ಕಾಳಿನ ವ್ಯಾಪಾರಿ ನೇಮಣ್ಣನವರಿಗೆ ಹೊಗಳಿಕೆ ಗಂಟಲಲ್ಲಿ ಇಳಿಯದು. ಹಾಗಂತ ಒಂದು ಆಟವನ್ನೂ ಬಿಟ್ಟವರಲ್ಲ.

"ಟೀಮ್ ಭಾರಿ ಐತಿ ಅಂತ ಕುಣ್ಯಾಕತ್ತೀರಲ್ಲ, ಬಾಳಪ್ಪನ್ನ ತಗದ್ರ ಉಳದವ್ರು ಯಾರ್ರಿ? ಹೊಲದಾಗಿನ ಬೆದರುಗೊಂಬಿ!" ಎಂದರು.

"ನೇಮಣ್ಣಾ, ಮುಂಜಾನೆ ಬಾಯಿ ತೊಳಕೊಂಡು ಬಂದೀರೋ ಇಲ್ಲೋ?" ಎಂದರು ವಸ್ತಾದರು. ಬಸ್ಸೆಲ್ಲ ನಕ್ಕಿತು.

ಬಾಳಪ್ಪನೂ ನಕ್ಕ. "ಕಾಕಾ, ಇವತ್ತ ಬೆದರುಗೊಂಬಿ ಕೈಲೇನ ಒಂದು ಗೋಲ್ ಹೊಡಸ್ತೀನಿ, ನೋಡ್ರಿ."

ಈ ಬಾಳಪ್ಪ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ತುಳಿಯುವವನು. ಅವನ ಮನೆ ನಡೆಯುತ್ತಿದ್ದದ್ದು ಕಾಲಿನಿಂದ, ನಮ್ಮ ತಂಡ ಗೆಲ್ಲುತ್ತಿದ್ದದ್ದೂ ಅದೇ ಕಾಲಿನಿಂದ. ನೇಮಣ್ಣನವರ ಮಾತು ಕಹಿಯಾದರೂ ಸುಳ್ಳಾಗಿರಲಿಲ್ಲ.

ಮೊದಲ ಆಟ ಮೂಡಲಗಿಯಲ್ಲಿ, ಮರುದಿನದ್ದು ಹುಕ್ಕೇರಿಯಲ್ಲಿ. ಮೂಡಲಗಿಯಲ್ಲಿ ಒಳ್ಳೆಯ ಉಪಚಾರ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಮೈದಾನ ಮಾತ್ರ ಕರಿ ಮಣ್ಣಿನ ರಾಡಿ. ಎರಡೂ ಕಡೆಯವರು ಬರಿಗಾಲಲ್ಲೇ ಆಡಿದರು. ಬಾಳಪ್ಪ ಹೇಳಿದಂತೆಯೇ ತಾನು ಚೆಂಡು ಕೊಟ್ಟು ಇನ್ನೊಬ್ಬನಿಂದ ಗೋಲು ಹೊಡೆಸಿದ. ಆಟ ಮುಗಿಯುವ ಹೊತ್ತಿಗೆ ಎದುರಿನವನೊಬ್ಬ ಜಾರಿ ಬಂದು ಹಿಮ್ಮಡಿಯಿಂದ ಅವನ ಮೊಣಕಾಲ ಕೆಳಗೆ ಬಡಿದ. ಬೇಕೆಂದು ಮಾಡಿದ್ದಲ್ಲ, ಪಾಪ, ಅವನೇ ಕೈಹಿಡಿದು ಎಬ್ಬಿಸಿದ. ನಾವು ಗೆದ್ದೆವು. ಬಾಳಪ್ಪ ಮಾತ್ರ ಒಂದೇ ಕಾಲಿನ ಮೇಲೆ ನಿಂತಿದ್ದ.

ಗರಡಿಯಲ್ಲೊಂದು ನಿಯಮವಿದೆ. ಪೆಟ್ಟು ಬಿದ್ದ ಮೈಯನ್ನು ತಣ್ಣಗಾಗಲು ಬಿಡಬಾರದು, ತಣ್ಣಗಾದರೆ ನೋವು ಕೂತುಬಿಡುತ್ತದೆ ಎನ್ನುತ್ತಾರೆ. ಆದ್ದರಿಂದ ಪೈಲ್ವಾನನಿಗೆ ಉಳುಕಿದರೆ ಎಣ್ಣೆ ಹಾಕಿ ಬಲವಾಗಿ ತಿಕ್ಕಿ ಅಲ್ಲಿಯೇ ಬಸ್ಕಿ ಹೊಡೆಸುತ್ತಾರೆ. ಎಷ್ಟೋ ಜನ ಹಾಗೆ ಸುಧಾರಿಸಿದ್ದನ್ನು ನಾನೂ ಕಂಡಿದ್ದೆ. ವಸ್ತಾದರು ಮೈದಾನದಲ್ಲೇ ಬಾಳಪ್ಪನನ್ನು ಕೂರಿಸಿ ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಎಳೆದೆಳೆದು ತಿಕ್ಕಿದರು. ಅವನು ಅಂಗಿಯ ಕೊರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

"ಏಳು ಮಗನ, ಹೊಡಿ ಬಸ್ಕಿ."

ಅವನು ಹೊಡೆದ. ಮೊದಲಿನವಕ್ಕೆ ಜನ ಚಪ್ಪಾಳೆ ತಟ್ಟಿದರು. ಆಮೇಲಿನವಕ್ಕೆ ಅವನ ಮುಖ ಸುಣ್ಣದ ಗೋಡೆಯಾಯಿತು. ನನಗೆ ತಡೆಯಲಾಗಲಿಲ್ಲ. "ವಸ್ತಾದ್ರ, ಒಮ್ಮಿ ಡಾಕ್ಟರಿಗೆ ತೋರಸೋಣ್ರಿ," ಎಂದೆ.

"ಟೇಲರ, ಅಂಗಿ ಹರದ್ರ ನೀವು ನೋಡ್ರಿ, ಮೈ ಹರದ್ರ ನಾ ನೋಡ್ತೀನಿ," ಎಂದರು. ಮತ್ತೆ ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ಆ ರಾತ್ರಿ ಅಲ್ಲಿಯ ಗುಡಿಯ ಕಟ್ಟೆಯ ಮೇಲೆ ಮಲಗಿದ್ದು ಮುಂಜಾನೆ ಎದ್ದಾಗ ಬಾಳಪ್ಪನ ಕಾಲು ಬಾಳೆದಿಂಡಿನಂತೆ ಬಾತಿತ್ತು. ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಮೆಲ್ಲಗೆ ಹೇಳಿದ: "ಕಾಲ ಊರಿದ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ. ಇದೇನರ ಹೋತಂದ್ರ ಮಗ್ಗ ಯಾರು ತುಳೀಬೇಕ್ರಿ?"

ನಾನು ನೆಟ್ಟಗೆ ಹೋಗಿ ಎಲ್ಲರ ಎದುರಿಗೆ ಹೇಳಿದೆ, ಇವನನ್ನು ಗೋಕಾಕಿಗೆ ಕರೆದೊಯ್ಯೋಣ, ಹುಕ್ಕೇರಿಯ ಆಟ ಉಳಿದವರು ಆಡಲಿ ಎಂದು. ಅಯ್ಯಯ್ಯೋ, ಜೇನುಗೂಡಿಗೆ ಕೈ ಹಾಕಿದಂತಾಯಿತು. ಅವನಿಲ್ಲದೆ ಹೋದರೆ ಸೋಲು ಖಂಡಿತ, ಈವರೆಗೆ ಗೆದ್ದದ್ದೆಲ್ಲ ಪುಕ್ಕಟೆ ಗೆಲುವು ಎನ್ನುತ್ತಾರೆ ಎಂದು ಒಬ್ಬ. ಇಷ್ಟು ಚಲೋ ಆರಂಭವನ್ನು ಯಾರಾದರೂ ಮಣ್ಣುಪಾಲು ಮಾಡುತ್ತಾರೆಯೇ ಎಂದು ಇನ್ನೊಬ್ಬ. ತಂಡವನ್ನು ದಾರಿಯುದ್ದಕ್ಕೂ ಜರೆದ ನೇಮಣ್ಣನವರೇ ಎಲ್ಲರಿಗಿಂತ ಜೋರು: "ಹೆಸರು ಒಮ್ಮಿ ಹೋದ್ರ ಮತ್ತ ಬರೂದಿಲ್ರಿ!"

ವಸ್ತಾದರು ಬಾಳಪ್ಪನ ಹತ್ತಿರ ಕೂತು ತಲೆ ಸವರಿದರು. "ನನ್ನ ಕೈಯಾಗ ಬೆಳದಾಂವ ನೀ. ಆಡ್ತೀಯೋ ಇಲ್ಲೋ, ನೀನ ಹೇಳು."

ಮಕ್ಕಳಿಲ್ಲದ ಮನುಷ್ಯ, ಈ ಹುಡುಗನ ಮೇಲೆ ಜೀವ ಇಟ್ಟಿದ್ದರು. ಅವರು ಕಟುಕರಾಗಿದ್ದರೆ ಅವನು ಇಲ್ಲ ಎನ್ನುತ್ತಿದ್ದನೇನೋ. "ಆಡ್ತೀನ್ರಿ," ಎಂದ.

ಮತ್ತೆ ಅದೇ ಬಸ್ಸು. ಘಟಪ್ರಭಾ ದಾಟಿ, ಹಿಡಕಲ್ ಬಳಸಿ, ದಾರಿಯಲ್ಲಿ ಒಲೆ ಆರಿ ಬಹಳ ಹೊತ್ತು ನಿಂತು, ಅಂತೂ ಹುಕ್ಕೇರಿಯ ಗುಮ್ಮಟಗಳು ಕಂಡವು. ಮಳೆ ನಿಂತು ಹೊಳವಾಗಿತ್ತು. ಬೇರೆ ದಿನವಾಗಿದ್ದರೆ ಆ ಗುಮ್ಮಟಗಳನ್ನು ಸುತ್ತಾಡಿ ನೋಡಿ ನಿಮಗೆ ವರ್ಣಿಸುತ್ತಿದ್ದೆ. ಅಂದು ಬಾಳಪ್ಪನ ಕಾಲಿಗೆ ಸುತ್ತಿದ ಪಟ್ಟಿಯನ್ನು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆಟದಲ್ಲಿ ಅವನು ಹೆಚ್ಚು ಓಡಲಿಲ್ಲ, ಓಡಲು ಆಗುತ್ತಿರಲಿಲ್ಲ. ಗೋಲಿನ ಹತ್ತಿರವೇ ಕುಂಟುತ್ತ ನಿಂತಿದ್ದ. ಕೊನೆಗೆ ಚೆಂಡು ತಾನಾಗಿ ಅವನ ಮುಂದೆ ಬಂತು. ಪೆಟ್ಟು ಬಿದ್ದ ಕಾಲನ್ನು ಊರಿ ಇನ್ನೊಂದರಿಂದ ಒದ್ದ. ಚೆಂಡು ಒಳಗೆ ಹೋಯಿತು. ನಮ್ಮವರು ಟೊಪ್ಪಿಗೆ, ಟವೆಲು ಹಾರಿಸಿ ಕುಣಿಯುತ್ತಿದ್ದರು, ಅವನು ಏಳದೆ ಬಿದ್ದಿದ್ದ. ಕೂಗು ನಿಂತ ಮೇಲೆಯೇ ಅವನ ಚೀರಾಟ ನಮಗೆ ಕೇಳಿಸಿದ್ದು. ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು, ಅದಕ್ಕೆ ರಾಡಿ ಮೆತ್ತಿತ್ತು.

ಸರಕಾರಿ ದವಾಖಾನೆಯ ಡಾಕ್ಟರು ಗಾಯ ತೊಳೆದು ಹಲಗೆ ಕಟ್ಟಿದರು. "ಇದು ಇವತ್ತ ಮುರದದ್ದಲ್ಲ. ನಿನ್ನೇನ ಬಿರಕ ಬಿಟ್ಟೈತಿ. ನಿನ್ನೆ ಮಲಗಿಸಿದ್ರ ಒಂದೆರಡು ತಿಂಗಳಿಗೆ ಎದ್ದು ಅಡ್ಡಾಡತಿದ್ದ. ಪೆಟ್ಟು ಬಿದ್ದ ಮ್ಯಾಲೆ ಏನ ಮಾಡಿದ್ರಿ?"

 ವಸ್ತಾದರೇ ಹೇಳಿದರು: "ಬಸ್ಕಿ ಹೊಡಸಿದೆ."

ಡಾಕ್ಟರು ಅವರನ್ನೇ ನೋಡಿದರು. ಬೈದಿದ್ದರೆ ಚಲೋ ಇತ್ತು. "ನಾಳೆ ಮುಂಜಾನೆ ಮಿರಜಿನ ದೊಡ್ಡ ದವಾಖಾನಿಗೆ ಒಯ್ಯರಿ. ಕಾಲು ತಗದು ಜೀವಾ ಉಳಸಬೇಕಾದೀತು," ಎಂದು ಕೈ ತೊಳೆಯಲು ಹೋದರು.

ಮರುದಿನ ಘಟಪ್ರಭಾ ಸ್ಟೇಷನ್ನಿನಲ್ಲಿ ಅವನನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಮಿರಜ ಕಡೆಯ ರೈಲಿಗೆ ಏರಿಸಿದೆವು. ಜ್ವರದಿಂದ ಮೈ ಸುಡುತ್ತಿತ್ತು. ಜೊತೆಗೆ ಇಬ್ಬರು ಆಟಗಾರರು ಹತ್ತಿದರು. ವಸ್ತಾದರು ಹತ್ತಲು ಕಂಬಿಗೆ ಕೈ ಹಾಕಿದಾಗ ಬಾಳಪ್ಪ ಕಣ್ಣು ತೆರೆದ. "ವಸ್ತಾದ್ರು ಬ್ಯಾಡ್ರಿ," ಎಂದ. ಅಷ್ಟೇ. ಅವರು ಕೈ ಬಿಟ್ಟರು. ರೈಲು ಹೋದ ಮೇಲೂ ಅಲ್ಲಿಯೇ ನಿಂತಿದ್ದವರನ್ನು ನಾನು ರಟ್ಟೆ ಹಿಡಿದು ಬಸ್ಸಿಗೆ ಕರೆತಂದೆ.

ಬಸ್ಸು ಗೋಕಾಕದ ದಾರಿ ಹಿಡಿಯಿತು. ಹಿಂದಿನ ಸೀಟಿನಿಂದ ಒಬ್ಬ, ಏನೇ ಅನ್ನಲಿ ಈ ಮಳೆಗಾಲದ ಆರಂಭ ಮಾತ್ರ ಗಟ್ಟಿಯಾಯಿತು ಎಂದ. ಮುಂದಿನ ಆಟಕ್ಕೆ ಬಾಳಪ್ಪನ ಜಾಗದಲ್ಲಿ ಯಾರು ಎಂದು ಇನ್ನೊಬ್ಬ ಕೇಳಿದ. ಇವರ ಬಾಯಿಗೆ ಹುಳ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ. ನೇಮಣ್ಣನವರು ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು.

ಗೋಕಾಕದ ಬಸ್ ನಿಲ್ದಾಣದಲ್ಲಿ ಆ ಮಧ್ಯಾಹ್ನ ನಮಗಾಗಿ ಜನ ಕಾದಿದ್ದರು. ಬಸ್ಸು ನಿಲ್ಲುವ ಮೊದಲೇ, "ಏನಾತ್ರಿ ಹುಕ್ಕೇರ್ಯಾಗ? ಗೆದ್ರೇನು?" ಎಂದು ಕೂಗು. ನಮ್ಮಲ್ಲಿ ಯಾವನೋ ಬಾಯಿ ತಪ್ಪಿ "ಗೆದ್ವಿ" ಎಂದುಬಿಟ್ಟ. ಸಿಳ್ಳೆಯೇ ಸಿಳ್ಳೆ, ಹಲಗೆ ವಾದ್ಯದ ಬಡಿತ. ಆ ಗದ್ದಲ ಕೇಳಿ ಬಾಳಪ್ಪನ ಹೆಂಡತಿ ಗಂಗವ್ವ ಓಡಿ ಬಂದಳು. ನೂಲಿಗೆ ಗಂಜಿ ಹಚ್ಚುತ್ತಿದ್ದ ಕೈ ಹಾಗೇ ಇತ್ತು, ಮುಖದ ತುಂಬ ನಗೆ. ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತಳು. ಎಲ್ಲರಿಗಿಂತ ಕೊನೆಗೆ ವಸ್ತಾದರು ಇಳಿದರು.

"ಮಾವಾರ, ಇವ್ರಿನ್ನೂ ಇಳೀಲೇ ಇಲ್ಲಲ್ರಿ?" ಎಂದಳು.

ವಸ್ತಾದರು ಬಸ್ಸಿನ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಅವಳು ಅವರನ್ನು ದಾಟಿ ಮೆಟ್ಟಿಲು ಹತ್ತಿ, ಖಾಲಿ ಬಸ್ಸಿನೊಳಗೆ ಗಂಡನನ್ನು ಹುಡುಕಲು ಹೋದಳು.