ಎರಡು ಟ್ರಂಕು ಮತ್ತು ಹೆಸರಿಲ್ಲದ ಕ್ಯಾಸೆಟ್ಟು

ಆ ಮಧ್ಯಾಹ್ನ ಹೊನ್ನಾಳಿಯ ನಮ್ಮ ಮನೆಯಂಗಳದಲ್ಲಿ ಐದು ಜನ ಇದ್ದೆವು. ನಾನು, ನನ್ನ ಹೆಂಡತಿ, ಸಾಸ್ವೆಹಳ್ಳಿಯಿಂದ ಬಂದ ಅಣ್ಣ ತಮ್ಮ, ಮತ್ತೆ ಅವರ ನಡುವೆ ನ್ಯಾಯ ಹೇಳಲೆಂದು ಜಗಳೂರಿನಿಂದ ಕರೆಸಿಕೊಂಡ ದಮ್ಮಡಿ ಬಾರಿಸುವ ಅಜ್ಜ. ನೀರಿನ ತೊಟ್ಟಿಯ ಪಕ್ಕ ಎರಡು ತಗಡಿನ ಟ್ರಂಕು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನನ್ನ ಹಳೆಯ ಟೇಪ್ ರೆಕಾರ್ಡರು. ಅಣ್ಣ ತಮ್ಮ ಒಂದೇ ಊರಿನವರು, ಒಂದೇ ಓಣಿಯವರು, ಬಂದದ್ದು ಮಾತ್ರ ಬೇರೆ ಬೇರೆ ಬಸ್ಸಿಗೆ. ಕೂತದ್ದೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು.

ನಾನು ಮೈಕ್‌ಸೆಟ್ಟಿನವನು, ಊರಿಗೆ ಮೈಕಿನ ಸಾಬ. ಮದುವೆ, ಉರುಸು, ಚುನಾವಣೆ, ಭಜನೆ ಎಲ್ಲದಕ್ಕೂ ಸೈಕಲ್ಲಿಗೆ ಮೈಕಿನ ಹಾರ್ನ್ ಕಟ್ಟಿಕೊಂಡು ಹೋದವನು. ಹೋದಲ್ಲೆಲ್ಲ ಹಾಡು ಹಿಡಿದಿಟ್ಟುಕೊಳ್ಳುವ ಚಟ ಹತ್ತಿತು. ಹಾಗೆ ಕೂಡಿದ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಈ ಅಣ್ಣ ತಮ್ಮಂದಿರ ತಂದೆಯವು. ಅವರು ಸುತ್ತಮುತ್ತ ಹೆಸರಾದ ಭಜನೆ ಮೇಳದ ಗುರು. ಹಾಡಿದರೆ ಕಲ್ಲು ಕರಗುತ್ತಿತ್ತು, ಸಿಟ್ಟು ಬಂದರೆ ಅದೇ ಕಲ್ಲು ಎತ್ತಿ ಎಸೆಯುತ್ತಿದ್ದರು. ಮೊದಲ ಸಲ ನಾನು ಮೈಕು ಹಿಡಿದು ಹತ್ತಿರ ಹೋದಾಗ ಹಿತ್ತಾಳೆಯ ತಾಳ ಬೀಸಿ ನನ್ನ ಹುಬ್ಬು ಸೀಳಿದ್ದರು. ಆಮೇಲೆ ಅವರೇ ಅರಿಶಿನ ಹಚ್ಚಿ, "ಕುಂದ್ರು, ಹಿಡ್ಕೋ, ಆದ್ರೆ ಉಸಿರು ಬಿಡೋ ಸದ್ದೂ ಕೇಳ್ಬಾರ್ದು" ಅಂದರು. ಹನ್ನೆರಡು ವರ್ಷ ಅವರ ಪಡಸಾಲೆಯ ಮೂಲೆಯಲ್ಲಿ ಹಾಗೆ ಕೂತೆ.

ಅವರ ಮೇಳದಲ್ಲಿ ಒಂದು ಪದ್ಧತಿ ಇತ್ತು. ಒಂದು ಭಜನೆ ಪದವನ್ನು ಒಬ್ಬನೇ ಶಿಷ್ಯನಿಗೆ ಕೊಡುವುದು. ಕೊನೆಯ ಸಾಲು ಹೇಳಿಕೊಟ್ಟ ಕೂಡಲೇ ಆ ಶಿಷ್ಯನ ಬೆನ್ನಿಗೆ ಒಂದು ಏಟು, ಅಂಗೈ ಪೂರ್ತಿ ಬಿಚ್ಚಿ, ಉಸಿರು ಸಿಕ್ಕಿಕೊಳ್ಳುವ ಹಾಗೆ. ಅದಕ್ಕೆ ಮೊಳೆ ಹೊಡೆಯುವುದು ಅನ್ನುತ್ತಿದ್ದರು. ಏಟು ತಿಂದವನು ಕಣ್ಣೊರೆಸಿಕೊಂಡು ಆ ಸಾಲನ್ನು ತಿರುಗಿ ಹಾಡಬೇಕು. ಅಲ್ಲಿಗೆ ಪದ ಅವನದು. ಉಳಿದವರು ಹಿಂದೆ ಕೂತು ಪಲ್ಲವಿ ಎತ್ತಿಕೊಳ್ಳಬಹುದು, ಮುಂದೆ ಕೂತು ಹಾಡುವ ಹಾಗಿಲ್ಲ. ನನ್ನ ಕ್ಯಾಸೆಟ್ಟುಗಳ ಕೊನೆಯಲ್ಲೆಲ್ಲ ಆ ಏಟು ಕೇಳಿಸುತ್ತದೆ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಗುರುಗಳು ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಮೇಳ ಒಡೆದರು. ಪಂಚರನ್ನು ಕೂಡಿಸಿ ಅಪ್ಪನ ಪದಗಳನ್ನು ಹೊಲದ ಹಾಗೆ ಪಾಲು ಮಾಡಿಕೊಂಡರು. ಯಾರ ಬೆನ್ನಿಗೆ ಮೊಳೆ ಬಿದ್ದಿದೆಯೋ ಅವರಿಗೆ ಆ ಪದ. ಒಂದು ಪದ ಮಾತ್ರ ಪಾಲಾಗಲಿಲ್ಲ. ಅದು ಗುರುಗಳು ಕಟ್ಟಿದ ಕೊನೆಯ ಪದ. ಏಟು ತಿಂದವನು ನಾನು ಅಂತ ಅಣ್ಣನೂ ಹೇಳಿದ, ತಮ್ಮನೂ ಹೇಳಿದ. ನ್ಯಾಮತಿಯಲ್ಲಿ ಒಂದು ಗೃಹಪ್ರವೇಶದ ಭಜನೆಗೆ ಎರಡೂ ಮೇಳ ಬಂದಾಗ ತಮ್ಮ ಆ ಪದವನ್ನು ಎತ್ತಿಕೊಂಡ. ಅಣ್ಣ ಎದ್ದು ಬಂದು ಹಾರ್ಮೋನಿಯಂ ಒದ್ದ. ತಮ್ಮನು ತಬಲಾ ಶ್ರುತಿ ಮಾಡುವ ಸುತ್ತಿಗೆ ತೆಗೆದುಕೊಂಡು ಅಣ್ಣನ ಎಡಗೈಯ ಎರಡು ಬೆರಳು ಜಜ್ಜಿದ. ಮುರಿದ ಆ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ.

ನನಗೆ ಎಪ್ಪತ್ತು ದಾಟಿತು. ಕಣ್ಣಿಗೆ ಆಪರೇಶನ್ ಆಯಿತು, ಕೈ ನಡುಗುತ್ತದೆ, ಕ್ಯಾಸೆಟ್ಟಿನ ಚೀಟಿ ಓದಲಾಗುವುದಿಲ್ಲ. ನನ್ನ ನಂತರ ಇವು ಗುಜರಿಗೆ ಹೋಗುತ್ತವೆ, ಅದು ಖಾತ್ರಿ. ಚನ್ನಗಿರಿಯಲ್ಲಿ ಟೈರಿನ ಅಂಗಡಿ ಇಟ್ಟಿರುವ ಮಗ, "ಅಬ್ಬಾ, ಎಲ್ಲಾ ಪೆನ್‌ಡ್ರೈವಿಗೆ ಹಾಕ್ಸಿ ಇಬ್ರಿಗೂ ಒಂದೊಂದು ಕೊಟ್ಟು ಕೈ ತೊಳ್ಕಳ್ರಿ" ಅಂದ. ಒಳ್ಳೆಯ ಮಾತು ಅನ್ನಿಸಿ ಅಣ್ಣನಿಗೆ ಫೋನು ಹಚ್ಚಿದೆ.

"ನಮ್ಮಪ್ಪನ್ನ ಝೆರಾಕ್ಸ್ ಮಾಡ್ಸಾಕೆ ಹೊಂಟೀರೇನ್ರಿ ಸಾಬ್ರೆ?" ಅಂದ ಅವನು. ತಮ್ಮ ಪೂರ್ತಿ ಕೇಳುವ ಮೊದಲೇ ಫೋನು ಇಟ್ಟ.

ಸರಿ, ಮೂಲವನ್ನೇ ಹಂಚೋಣ ಅಂತ ಕೂತೆ. ಒಂದು ಕ್ಯಾಸೆಟ್ಟಿಗೆ ಒಂದೇ ಪದ, ಆದ್ದರಿಂದ ಬೇರೆ ಮಾಡುವುದು ಕಷ್ಟವಾಗಲಿಲ್ಲ. ಒಂದೊಂದನ್ನೂ ಹಾಕಿ, ಏಟಿನ ನಂತರ ಹಾಡುವ ದನಿ ಕೇಳಿ, ಅಣ್ಣನದು ಈ ಟ್ರಂಕಿಗೆ, ತಮ್ಮನದು ಆ ಟ್ರಂಕಿಗೆ. ಬೇರೆ ಶಿಷ್ಯರದನ್ನು ಸರಿಸಮ ಹಂಚಿದೆ. ಹೆಸರು ಬರೆಯದ ಒಂದು ಕ್ಯಾಸೆಟ್ಟು ಉಳಿಯಿತು, ಆ ಕೊನೆಯ ಪದದ್ದು. ಅದನ್ನು ನಾನು ಬಚ್ಚಿಡಬೇಕಿತ್ತು. ನ್ಯಾಯವಾಗಿ ನಡೆದುಕೊಳ್ಳುತ್ತೇನೆ ಅನ್ನುವ ಹಮ್ಮಿನಲ್ಲಿ, ಅದು ನನ್ನಲ್ಲಿದೆ ಅಂತ ಇಬ್ಬರಿಗೂ ಬಾಯಿಬಿಟ್ಟೆ. ಇಬ್ಬರೂ ಕೇಳಿಸಿ ಅಂದರು, ಏಟು ಸಾಕ್ಷಿ ಹೇಳಲಿ ಅಂದರು.

ಅಂಗಳದಲ್ಲಿ ಗುಂಡಿ ಒತ್ತಿದೆ. ಗುರುಗಳ ದನಿ ಬಂತು. ಅಣ್ಣ ಚಪ್ಪಲಿ ಬಿಟ್ಟು ಕೂತ, ತಮ್ಮ ಟೋಪಿ ತೆಗೆದ. ಕೊನೆಯ ಸಾಲು ಬಂತು, ಏಟು ಬಿತ್ತು, ಖಟ್ ಅಂತ ಸದ್ದಾಗಿ ಮುಂದೆ ಬರೀ ಖಾಲಿ ಟೇಪು. ಯಾವ ಶಿಷ್ಯನ ದನಿಯೂ ಅದರಲ್ಲಿ ಇಲ್ಲ.

"ಕೇಳ್ದ್ರಲ್ಲ, ಅದು ನಂದೇ" ಅಂದ ತಮ್ಮ.

"ನಿನ್ನ ಬೆನ್ನಿಗೆ ಬಿದ್ದಿದ್ರೆ ಊರೆಲ್ಲ ಕೇಳೋ ಹಂಗೆ ಅಳ್ತಿದ್ದೆ. ನಂದು ಅದು, ಅದಕ್ಕೇ ಸದ್ದಿಲ್ಲ."

ಅಜ್ಜ ಕೈ ಎತ್ತಿ, "ಇನ್ನೊಂದ್ಸಲ ಹಾಕು" ಅಂದರು. ಕಣ್ಣು ಮುಚ್ಚಿ ಕೇಳಿದರು. ಚರ್ಮ ಬಡಿದು ಬದುಕಿದ ಜೀವ ಅದು. "ಇದು ಬೆನ್ನಲ್ಲಪ್ಪ" ಅಂದರು. "ಬೆನ್ನು ದಪ್ಪಗೆ ಗುಮ್ ಅಂತೈತೆ. ಇದು ತೆಳು ಚರ್ಮ. ಕೆನ್ನೆ."

"ಹೌದೌದು, ಕೆನ್ನೆಗೇ ಹೊಡೆದಿದ್ದ" ಅಂದ ತಮ್ಮ.

"ಈಗ ಅಜ್ಜ ಹೇಳಿದ ಮ್ಯಾಲೆ ನೆನಪಾಯ್ತೇನೋ ಕಳ್ಳ?"

ಇಷ್ಟು ಹೊತ್ತಿಗೆ ನಾನು ಮಾತಾಡಬೇಕಿತ್ತು. ಆ ಏಟು ಯಾರದು ಅಂತ ಭೂಮಿಯ ಮೇಲೆ ಬಲ್ಲವನು ನಾನೊಬ್ಬನೇ. ಆದರೆ ನಾಲಗೆ ಏಳಲಿಲ್ಲ. ಏಳುವಷ್ಟರಲ್ಲಿ ಅಣ್ಣ ತಮ್ಮನ ಕುತ್ತಿಗೆ ಹಿಡಿದಿದ್ದ.

ಅರವತ್ತರ ಹತ್ತಿರದ ಗಂಡಸರು ಬಡಿದಾಡುವುದನ್ನು ನೋಡಬಾರದು. ಹುಡುಗರ ಹಾಗೆ ಹಾರಿ ಹಾರಿ ಬೀಳುವುದಿಲ್ಲ, ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಧಾನವಾಗಿ ಕೊಲ್ಲುತ್ತಾರೆ. ಅಣ್ಣ ತಮ್ಮನ ತಲೆಯನ್ನು ತೊಟ್ಟಿಯ ಅಂಚಿಗೆ ಒಮ್ಮೆ, ಎರಡು ಸಲ ಬಡಿದ. ತಮ್ಮನು ಅವನ ಬಾಯೊಳಗೆ ಕೈಹಾಕಿ ತುಟಿ ಹರಿಯಲು ನೋಡಿದ, ಅಣ್ಣ ಅವನ ಹೆಬ್ಬೆರಳು ಕಚ್ಚಿ ಹಿಡಿದ. ಟ್ರಂಕು ಮಗುಚಿತು. ಕ್ಯಾಸೆಟ್ಟುಗಳು ಅಂಗಳದ ತುಂಬ ಚೆಲ್ಲಿ ಕಾಲಡಿಗೆ ಚಟಚಟ ಮುರಿದವು. ಸ್ಟೂಲು ಬಿತ್ತು. ಹೆಸರಿಲ್ಲದ ಆ ಕ್ಯಾಸೆಟ್ಟು ಹೊರಗೆ ಹಾರಿ, ಅದರ ಟೇಪು ಅಣ್ಣನ ಕಾಲಿಗೆ ಸುತ್ತಿಕೊಂಡು ಕೋಳಿಯ ಕರುಳಿನ ಹಾಗೆ ಹೊರಬಂತು. ಬಿಡಿಸಲು ಹೋದ ಅಜ್ಜನನ್ನು ಯಾರೋ ತಳ್ಳಿದರು, ಗೋಡೆಗೆ ಒರಗಿ ಕುಸಿದರು. ತಮ್ಮನು ಹೆಬ್ಬೆರಳು ಬಿಡಿಸಿಕೊಂಡು, ಮೂಲೆಯಲ್ಲಿದ್ದ ನನ್ನ ಹಾರ್ನಿನ ಕಬ್ಬಿಣದ ಸ್ಟ್ಯಾಂಡು ಎತ್ತಿ ಅಣ್ಣನ ಮುಖಕ್ಕೆ ಬೀಸಿದ. ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಎರಡು ಹಲ್ಲು ಸಿಮೆಂಟಿನ ಮೇಲೆ ಉರುಳಿದವು. ಅವನು ಮತ್ತೆ ಸ್ಟ್ಯಾಂಡು ಎತ್ತಿದ, ಈ ಸಲ ತಲೆಗೆ.

ನನ್ನ ಹೆಂಡತಿ ತೊಟ್ಟಿಯ ನೀರನ್ನು ಬಕೆಟ್ಟಿನಿಂದ ಅವನ ಮುಖಕ್ಕೆ ಎರಚಿದಳು. ನಾವು ಮನೆಯಲ್ಲಿ ಆಡುವುದು ಉರ್ದು, ಆದರೆ ಬೈಯಬೇಕಾದರೆ ಅವಳಿಗೆ ಕನ್ನಡವೇ ಆಗಬೇಕು. ಬೈದದ್ದು ಅವನನ್ನಲ್ಲ, ನನ್ನನ್ನು.

"ಏನ್ರೀ, ಇಬ್ರೂ ಸತ್ತ ಮ್ಯಾಲೆ ಹೇಳ್ತೀರಾ? ಅವತ್ತು ಹಲ್ಲುನೋವು ಅಂತ ಕೆನ್ನೆ ಊದಿಸ್ಕೊಂಡು ಬಂದ್ರಲ್ಲ, ನಾಕು ಬೆರಳು ಮೂಡಿದ್ವು. ಹಲ್ಲಿಗೆ ಬೆರಳು ಇರ್ತಾವೇನ್ರೀ?"

ಅಷ್ಟು ವರ್ಷದಿಂದ ಅವಳಿಗೆ ಗೊತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ.

ನಾನು ಹೇಳಿದೆ. ಆ ಪದ ಕೊಡುವ ದಿನ ಮಕ್ಕಳಿಬ್ಬರೂ ಮನೆಯಲ್ಲಿರಲಿಲ್ಲ. ಗುರುಗಳು ನನ್ನ ಮೈಕಿಗೆ ಒಬ್ಬರೇ ಹಾಡಿದರು. ಹನ್ನೆರಡು ವರ್ಷ ಕೇಳಿ ಕೇಳಿ, ಕೊನೆಯ ಸಾಲಿಗೆ ನನ್ನ ತುಟಿ ತಾನೇ ಅಲುಗಾಡಿತು, ದನಿಯಿಲ್ಲದೆ. ಅವರು ನೋಡಿದರು. ಎದುರಿಗೆ ಕೂತಿದ್ದೆ, ಬೆನ್ನು ಸಿಗಲಿಲ್ಲ, ಕೆನ್ನೆಗೆ ಹೊಡೆದರು. ಕಣ್ಣಿಗೆ ಕತ್ತಲೆ ಬಂದು ನಾನೇ ಗುಂಡಿ ಒತ್ತಿ ಟೇಪು ನಿಲ್ಲಿಸಿದೆ. "ಹೋಗು, ಇದು ನಿನಗೆ ಬಿತ್ತು" ಅಂದರು. ಮೈಕಿನ ಸಾಬ ಗುರುಗಳ ಪದಕ್ಕೆ ಹಕ್ಕುದಾರನಾದ ಅಂತ ಊರಿನವರು ನಗುತ್ತಾರೆಂದು ನಾನು ಯಾರಿಗೂ ಹೇಳಲಿಲ್ಲ. ಅಂಗಳದಲ್ಲಿ ನಾಲಗೆ ಕಟ್ಟಿದ್ದೂ ಆ ನಾಚಿಕೆಯೇ. ಪಲ್ಲವಿ ಒಂದು ಸಲ ಹಾಡಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದೆ. ಅಷ್ಟಕ್ಕೆ ಒಬ್ಬನ ದವಡೆ ಹೋಯಿತು.

ತಮ್ಮನ ಕೈಯಿಂದ ಸ್ಟ್ಯಾಂಡು ಜಾರಿತು. ನೀರು ಸೋರುವ ಮುಖದಲ್ಲೇ, "ನನಗೆ ಆ ಪದಕ್ಕೆ ಹೊಡೀಲೇ ಇಲ್ಲ ಸಾಬ್ರೆ" ಅಂದ. "ಆಮೇಲೆ ಒಂದಿನ ಅಪ್ಪ ಬರೀ ಬಾಯಲ್ಲಿ ಹೇಳ್ಕೊಟ್ಟ, ಎದ್ದು ಹೋದ. ಅಣ್ಣಂಗೆ ಹೊಡೆದಾನೆ, ನಂಗೆ ಯಾಕೆ ಹೊಡೀಲಿಲ್ಲ ಅಂತ ಇಷ್ಟು ವರ್ಷ..."

ಅಣ್ಣ ನೆಲದ ಮೇಲೆ ದವಡೆ ಹಿಡಿದುಕೊಂಡು ಕೂತಿದ್ದ. ಮಾತು ಬರುತ್ತಿರಲಿಲ್ಲ. ಸೊಟ್ಟ ಬೆರಳಿನ ಕೈ ಎತ್ತಿ, ನನಗೂ ಇಲ್ಲ ಅನ್ನುವಂತೆ ಎರಡು ಸಲ ಆಡಿಸಿದ.

ಗೋಡೆಗೊರಗಿದ್ದ ಅಜ್ಜ, "ಇಬ್ರದ್ದೂ ಅಲ್ಲ ಅಂತ ನಂಗೆ ಆಗ್ಲೇ ಅನ್ನಿಸ್ತು" ಅಂದರು. "ಹೇಳಾಕೆ ಬಿಟ್ರಲ್ಲ ನೀವು."

ಆಟೋ ತರಿಸಿ ಆಸ್ಪತ್ರೆಗೆ ಹೋದೆವು. ಏನಾಯಿತು ಅಂತ ಡಾಕ್ಟರು ಕೇಳಿದರು. "ಅಟ್ಟದಿಂದ ಬಿದ್ದ ಅಂತ ಬರ್ಕಳ್ರಿ" ಅಂದ ತಮ್ಮ. ಅಣ್ಣ ತಲೆಯಾಡಿಸಿದ. ತಮ್ಮನ ಹೆಬ್ಬೆರಳು ನೋಡಿ, "ಇದು ಕಚ್ಚಿದ ನಾಯಿ ಯಾವುದು?" ಅಂದರು ಡಾಕ್ಟರು. "ಮನೆ ನಾಯೀನೇ ಸಾರ್." ಮುರಿದ ದವಡೆಯಲ್ಲೇ ಅಣ್ಣನಿಗೆ ನಗು ಬಂತು, ನೋವಿಗೆ ಕಣ್ಣಲ್ಲಿ ನೀರು ಬಂತು.

ಆ ವಾರವೆಲ್ಲ ಅಂಗಳದಲ್ಲಿ ಕೂತು ಉಳಿದ ಕ್ಯಾಸೆಟ್ಟುಗಳನ್ನು ಒರೆಸಿದೆ. ಹನ್ನೊಂದು ಪೂರ್ತಿ ಪುಡಿಯಾಗಿದ್ದವು. ಅಣ್ಣನದು ತಮ್ಮನದು ಅಂತ ನೋಡದೆ, ಕೈಗೆ ಸಿಕ್ಕದ್ದನ್ನು ಸಿಕ್ಕ ಟ್ರಂಕಿಗೆ ತುಂಬಿದೆ. ಹೆಸರಿಲ್ಲದ್ದರ ಟೇಪನ್ನು ಪೆನ್ಸಿಲಿಗೆ ಸುತ್ತಿ ಸರಿಮಾಡುವುದು ನನಗೆ ಬರುತ್ತದೆ, ಮಾಡಲಿಲ್ಲ. ಒಲೆಗೂ ಹಾಕಲಿಲ್ಲ, ಪ್ಲಾಸ್ಟಿಕ್ಕು ಸುಟ್ಟರೆ ನಾತ ಅಂತ ಹೆಂಡತಿ ಬಿಡಲಿಲ್ಲ. ಹಿತ್ತಲಲ್ಲಿ ಹೂತೆ. ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದೆ: ಎರಡೂ ಟ್ರಂಕು ಒಂದೇ ಮನೆಗೆ ಹೋಗಬೇಕು, ಯಾವ ಮನೆಗೆ ಅಂತ ನೀವೇ ಹೇಳಿ, ಇಲ್ಲವಾದರೆ ನಾನು ಸಾಯುವ ಮುಂಚೆ ನನ್ನ ಕೈಯಿಂದಲೇ ಗುಜರಿಗೆ ಹಾಕುತ್ತೇನೆ. ಎರಡು ತಿಂಗಳು ಯಾರೂ ಉತ್ತರ ಕಳಿಸಲಿಲ್ಲ. ಗುಜರಿಯವನು ಬೀದಿಯಲ್ಲಿ ಕೂಗಿದಾಗಲೆಲ್ಲ ನಾನು ಹೋಗಿ ಅಂಗಳದ ಬಾಗಿಲು ಹಾಕುತ್ತಿದ್ದೆ.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ತಮ್ಮನೇ ಲಗೇಜ್ ಆಟೋ ತಂದ. ಎರಡೂ ಟ್ರಂಕು ಏರಿಸಿ ನನ್ನನ್ನೂ ಕೂರಿಸಿಕೊಂಡ. ಸಾಸ್ವೆಹಳ್ಳಿಯಲ್ಲಿ ತನ್ನ ಮನೆ ದಾಟಿ ಅಣ್ಣನ ಮನೆಯ ಮುಂದೆ ನಿಲ್ಲಿಸಿದ. ಬಾಗಿಲು ತೆರೆಯಲಿಲ್ಲ. ಟ್ರಂಕುಗಳನ್ನು ಜಗಲಿಯ ಮೇಲಿಟ್ಟು ಅವುಗಳ ಪಕ್ಕ ಕೂತ, ನಾನೂ ಕೂತೆ. ಬಿಸಿಲು ಜಗಲಿಗೆ ಬಂದಾಗ ಬಾಗಿಲು ಅರ್ಧ ತೆರೆಯಿತು. ಅಣ್ಣನ ಹೆಂಡತಿ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದಳು. ಅವಳ ಹಿಂದೆ ಅಣ್ಣ ಹೊರಗೆ ಬಂದ. ಒಂದು ಕಡೆಯ ಹಿಡಿಕೆ ಅವನು ಹಿಡಿದ, ಇನ್ನೊಂದನ್ನು ತಮ್ಮ ಹಿಡಿದ. ಮೊದಲ ಟ್ರಂಕನ್ನು ಒಳಗೆ ಇಟ್ಟು ಬಂದು, ಎರಡನೆಯದನ್ನು ಎತ್ತಿದರು.