ಆರು ಗಂಟೆವರೆಗೆ ಅಂದವಳು

ಆಕೆಯ ಎಡಗೈಯ ಅಂಗೈ ಯಾವಾಗಲೂ ನೀಲಿ. ಪೆನ್ನಿನಲ್ಲಿ ಅಲ್ಲೇ ಬರೆದುಕೊಳ್ಳುತ್ತಿದ್ದಳು. ಬೆವರಿಗೆ ಅರ್ಧ ಅಳಿಸಿ, ಉಳಿದದ್ದು ಬೆರಳ ಸಂದಿಗೆ ಇಳಿದಿರುತ್ತಿತ್ತು. ಬರೆಯಲು ಪುಸ್ತಕ ಇಲ್ಲವೇನೇ ಅಂತ ಒಂದು ದಿನ ಕೇಳಿದೆ.

"ಪುಸ್ತಕ ತೆಗೆದ್ರೆ ರೇಷನ್ ಕಾರ್ಡ್ ಕಟ್ ಮಾಡೋಕೆ ಬಂದಾಳೆ ಅಂತ ಬಾಗಿಲು ಹಾಕ್ಕೋತಾರೆ ಅಜ್ಜಿ" ಅಂದಳು. ಅದು ನಿಜ. ಮೊದಲ ದಿನ ಪುಸ್ತಕ ಹಿಡಿದು ಬಂದಾಗ ನಾನೂ ಬಾಗಿಲು ಹಾಕಿಕೊಂಡಿದ್ದೆ.

ಆಕೆ ಚಳ್ಳಕೆರೆಯ ಒಂದು ಪ್ರೈವೇಟ್ ಶಾಲೆಯ ಆಫೀಸಿನಲ್ಲಿ ಇದ್ದವಳು. ಬೇಸಿಗೆ ಬಂದರೆ ತಳಕಿನ ಸುತ್ತಲಿನ ಹಟ್ಟಿಗಳನ್ನೆಲ್ಲ ತಿರುಗಿ, ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಿ ಅಂತ ಮನೆಮನೆಗೆ ಹೇಳಬೇಕು. ಎಲ್ಲರೂ ಅಡ್ಮಿಷನ್ ಮೇಡಂ ಅನ್ನುವರು. ನಾನು ಅನ್ನಲಿಲ್ಲ. ನನ್ನ ಮಗಳ ವಯಸ್ಸಿನವಳಿಗೆ ಎಂಥ ಮೇಡಂ.

ಬೇರೆ ಶಾಲೆಯವರೂ ಬರುತ್ತಿದ್ದರು. ಕಂಪ್ಯೂಟರ್, ಇಂಗ್ಲಿಷ್, ಡ್ಯಾನ್ಸು ಅಂತ ಒದರಿ ಹೋಗುವರು. ಈಕೆ ಹಾಗಲ್ಲ. ಕಟ್ಟೆಯ ಮೇಲೆ ಕುಂತು, ನಾವು ಶೇಂಗಾ ಬಿಡಿಸುತ್ತಿದ್ದರೆ ತಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸುತ್ತ, "ನಿಮ್ಮನೇಲಿ ಮಗೂಗೆ ಏನು ಬೇಕಾಗೈತೆ?" ಅಂತ ಕೇಳುವಳು. ತೆಲುಗಿನವರ ಮನೆಯಲ್ಲಿ ಅದನ್ನೇ ತೆಲುಗಿನಲ್ಲಿ ಕೇಳುವಳು. ಗಂಟು ಬಿಚ್ಚದೆ ಏನು ಬೇಕು ಅನ್ನುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇದ್ದದ್ದು ಹೇಳಿದೆ. ಅಳಿಯ ಲಾರಿ ಹತ್ತಿದರೆ ವಾರ ಬರುವುದಿಲ್ಲ. ಮಗಳು ಚಳ್ಳಕೆರೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ, ಬಿಡುವುದು ಸಂಜೆ ಆರಕ್ಕೆ. ನಾನು ಕೂಲಿಗೆ ಹೋಗುತ್ತೇನೆ. ಮೊಮ್ಮಗಳಿಗೆ ಐದು ವರ್ಷ.

"ನಿಮ್ಮ ಇಂಗ್ಲಿಷ್ ತಗೊಂಡು ಏನು ಮಾಡ್ಲಿ. ಆರು ಗಂಟೆವರೆಗೂ ಮಗೀನ ಯಾರಾನ ಇಟ್ಕೊಂಡ್ರೆ ಸಾಕು. ಇಲ್ಲಾಂದ್ರೆ ನನ್ನ ಮಗಳು ಕೆಲಸ ಬಿಡಬೇಕು."

ಆಕೆ ಅಂಗೈಯಲ್ಲಿ ಆರು ಅಂತ ಬರೆದುಕೊಂಡು ಹೋದಳು.

ಎಂಟು ದಿನಕ್ಕೆ ಶಾಲೆಯ ಚೀಟಿ ಬಂತು. ನಾನು ಓದುವುದು ದೊಡ್ಡ ಅಕ್ಷರ ಮಾತ್ರ, ಅದೂ ಒಂದೊಂದೇ ಕೂಡಿಸಿ. 'ಸಂಜೆ ಆರರವರೆಗೆ ಡೇ ಕೇರ್' ಅಂತ ಇತ್ತು. ಡೇ ಅಂದರೆ ಹಗಲು ಅಂತ ಪಕ್ಕದ ಮನೆಯವಳು ಹೇಳಿದಳು. ಕೇರುವುದು ಅಂದರೆ ಏನಂತ ನನಗೆ ಯಾರೂ ಹೇಳಬೇಕಾಗಿಲ್ಲ. ಮೊರ ಹಿಡಿದೇ ಮುದುಕಿಯಾದವಳು ನಾನು.

ಆಕೆ ಮತ್ತೆ ಬಂದಾಗ ಹಿಡಿದು ನಿಲ್ಲಿಸಿದೆ.

"ಏನೇ, ನಮ್ಮ ಮಗೀನ ಕುಂಡ್ರಿಸ್ಕೊಂಡು ಹಗಲೆಲ್ಲ ಕೇರಿಸ್ತೀರಾ? ಯಾರ ಶೇಂಗಾ ಅದು?"

ಆಕೆ ಚೀಟಿ ನೋಡಿದಳು, ನನ್ನ ಮೊರ ನೋಡಿದಳು. ಆಮೇಲೆ ನಕ್ಕು ನಕ್ಕು ಕಟ್ಟೆಯ ಮೇಲೆ ಒರಗಿಬಿಟ್ಟಳು.

"ಅಜ್ಜಿ, ಕೇರ್ ಅಂದ್ರೆ ನೋಡ್ಕೊಳ್ಳೋದು."

"ಹಂಗಂತ ಬರೀರಿ. ಓದೋರು ನಾವೋ ನೀವೋ?"

ಮುಂದಿನ ಚೀಟಿಯಲ್ಲಿ ಆ ಕೇರ್ ಇರಲಿಲ್ಲ. 'ಆರು ಗಂಟೆವರೆಗೂ ಮಗೀನ ಇಟ್ಕೊಂಡ್ರೆ ಸಾಕು ಅಂದಿರಲ್ಲ, ಇಟ್ಟುಕೊಳ್ಳುತ್ತೇವೆ' ಅಂತ ಇತ್ತು. ನನ್ನ ಮಾತೇ. ಅದನ್ನು ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲೂ ಅಂಟಿಸಿದ್ದಾರೆ ಅಂತ ಅಲ್ಲಿರುವ ನಾದಿನಿ ಹೇಳಿದಳು. ನನ್ನ ಕಷ್ಟ ಕೇಳಿಸಿಕೊಂಡಳೋ, ನನ್ನ ಮಾತು ಕದ್ದು ಊರೂರಿಗೆ ಮಾರಿದಳೋ, ತಿಳಿಯಲಿಲ್ಲ. ಮಗುವನ್ನಂತೂ ಸೇರಿಸಿದೆವು.

ಶಾಲೆ ಶುರುವಾದ ದಿನವೇ ವ್ಯಾನಿನವನು ನಾಲ್ಕೂವರೆಗೆ ಮಗುವನ್ನು ಬೀಗ ಹಾಕಿದ ಮನೆ ಮುಂದೆ ಇಳಿಸಿ ಹೋಗಿದ್ದ. ನಾನು ಕೂಲಿಯಿಂದ ಬರುವಾಗ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕುಂತಿತ್ತು. ಚಡ್ಡಿ ಒದ್ದೆ. ಮಗಳು ಬಂದು ನೋಡಿ, "ನಾಳೆಯಿಂದ ನಾನು ಕೆಲಸಕ್ಕೆ ಹೋಗಲ್ಲ ಕಣವ್ವ" ಅಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆ. ಆಕೆ ಶಾಲೆಯ ಗೇಟಿನಲ್ಲೇ ಸಿಕ್ಕಳು.

"ಸುಳ್ಳಿ. ಎಲ್ಲೇ ನಿನ್ನ ಆರು ಗಂಟೆ?"

"ಮಕ್ಕಳು ಬರಲಿ, ಆಮೇಲೆ ಆಯಾನ ಇಡೋಣ ಅಂತಾರೆ ಓನರು. ಇಟ್ರೆ ತಾನೇ ಮಕ್ಕಳು ಬರೋದು ಅಂತ ನಾನಂದೆ. ಇನ್ನೂ ಇಟ್ಟಿಲ್ಲ ಅಜ್ಜಿ."

"ಇಲ್ಲದ್ದನ್ನ ಐತೆ ಅಂತ ಯಾಕೆ ಅಂದೆ?"

"ನಿಮ್ಮ ಮಗಳಿಗೆ ಕೆಲಸ ಬಿಡಬೇಡ ಅನ್ರಿ. ಆರಕ್ಕೆ ಬಂದು ಕರ್ಕೊಂಡು ಹೋಗ್ಲಿ" ಅಂದಳು.

ಅವತ್ತಿನಿಂದ ತಾನೇ ಕುಂತಳು. ಆಫೀಸು ನಾಲ್ಕಕ್ಕೆ ಮುಗಿದರೂ ಮನೆಗೆ ಹೋಗದೆ, ನಮ್ಮದೂ ಸೇರಿ ಹತ್ತು ಹನ್ನೆರಡು ಮಕ್ಕಳನ್ನು ಶಾಲೆಯ ಪಡಸಾಲೆಯಲ್ಲಿ ಕೂರಿಸಿಕೊಂಡು ಮಂಡಕ್ಕಿ ತಿನ್ನಿಸುತ್ತ ಇರುತ್ತಿದ್ದಳು. ಶಾಲೆಯವರು ಹೇಳಿದ ಕೆಲಸವಲ್ಲ ಅದು.

ಒಂದು ಸಂಜೆ ಮಗಳ ಬದಲು ನಾನು ಹೋಗಿದ್ದೆ. ಆ ಮಕ್ಕಳ ನಡುವೆ ಸರ್ಕಾರಿ ಶಾಲೆಯ ಬಟ್ಟೆ ಹಾಕಿಕೊಂಡ ಒಂದು ಹುಡುಗಿ ಕುಂತಿತ್ತು. ಯಾರದು ಅಂದೆ.

"ನನ್ನ ಮಗಳು."

"ಊರ ಮಕ್ಕಳನ್ನೆಲ್ಲ ಇಲ್ಲಿಗೆ ಎಳ್ಕೊಂಡು ಬಂದೆ. ನಿನ್ನ ಮಗಳನ್ನ ಅಲ್ಲಿ ಹಾಕಿದೀಯಾ?"

"ಅವಳ ಇಸ್ಕೂಲು ನಮ್ಮನೆ ಎದುರಿಗೇ ಐತೆ ಅಜ್ಜಿ. ಊಟ ಕೊಡ್ತಾರೆ, ಟೀಚರೂ ಚಲೋ ಇದಾರೆ. ನಮ್ಮನೆಗೆ ಬೇಕಾಗಿದ್ದು ಅದು. ನಿಮ್ಮನೆಗೆ ಬೇಕಾಗಿದ್ದು ಬೇರೆ."

ಮುಖದಲ್ಲಿ ನಾಚಿಕೆ ಇರಲಿಲ್ಲ. ಬಸ್ಸಿನಲ್ಲಿ ಬರುತ್ತ ತಳಕು ಬರುವವರೆಗೂ ಯೋಚನೆ ಮಾಡಿದೆ. ತಾನು ತಿನ್ನದ್ದನ್ನು ನಮಗೆ ಮಾರಿದಳೇ? ಮಾರಿದವಳು ಮತ್ತೆ ಯಾಕೆ ಕುಂತು ಕಾಯುತ್ತಾಳೆ? ತಲೆ ಕೆಟ್ಟಿತು, ಬಿಟ್ಟೆ.

ಮುಂದಿನ ವರ್ಷ ಶಾಲೆಯವರು ಆಯಾಳನ್ನು ಇಟ್ಟರು. ಆಕೆ ಮೊಳಕಾಲ್ಮೂರಿನ ಬೇರೆ ಶಾಲೆಗೆ ಹೊರಟಳು. ಹೇಳಿಹೋಗಲು ನಮ್ಮ ಹಟ್ಟಿಯವರೆಗೂ ಬಂದಳು.

"ನಾಳೆಯಿಂದ ಆಯಾ ಇರ್ತಾಳೆ ಅಜ್ಜಿ. ಈ ಸಲ ನಿಜ. ನಾನೇ ನೋಡಿ ಬಂದೀನಿ."

ಸರಿ ಅಂದೆ. ಒಂದು ಲೋಟ ಮಜ್ಜಿಗೆ ಕೊಡಬೇಕಿತ್ತು. ಕೂಲಿಗೆ ಹೊತ್ತಾಗಿತ್ತು, ಕೊಡಲಿಲ್ಲ. ಮತ್ತೆ ಆಕೆಯನ್ನು ನೋಡಿಲ್ಲ.

ಒಳ್ಳೆಯವಳೋ, ಬರೀ ಬಾಯಿಮಾತಿನ ವ್ಯಾಪಾರದವಳೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಮಗಳನ್ನು ಕೇಳಿದರೆ, "ನಾನು ಹೋದಾಗೆಲ್ಲ ಮಗು ಅಲ್ಲೇ ಇರ್ತಿತ್ತು. ಒಂದಿನಾನೂ ಅತ್ತಿರಲಿಲ್ಲ" ಅನ್ನುತ್ತಾಳೆ. ಮಗಳು ಈಗ ಅದೇ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಆ ವರ್ಷ ಕೆಲಸ ಬಿಟ್ಟಿದ್ದರೆ ಆಗುತ್ತಿರಲಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು.