ಮಾವನ ಹೆಸರಿನ ಊರು

ಹೋದ ವರ್ಷ ಯುಗಾದಿ ಮುಗಿದು ಎರಡು ವಾರಕ್ಕೆ, ಒಂದು ಭಾನುವಾರ, ರಾಯದುರ್ಗದ ಕಲ್ಯಾಣ ಮಂಟಪವೊಂದರಲ್ಲಿ ನಾನು ನಮ್ಮ ಮಾವನವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅದೇ ಮೊದಲು. ಅವರೆದುರು ಸೊಸೆ ಕುರ್ಚಿಯಲ್ಲಿ ಕೂರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅವತ್ತು ಕೂತದ್ದು ಒಂದು ಸ್ಪರ್ಧೆಗಾಗಿ. ಕೂತ ಮೇಲೆ ನಡೆದದ್ದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನನ್ನ ತವರು ಮಡಕಶಿರಾ ಕಡೆ, ಹೇಮಾವತಿ ಎನ್ನುವ ಊರಿಗೆ ಹತ್ತಿರ. ಕೊಟ್ಟದ್ದು ರಾಯದುರ್ಗಕ್ಕೆ. ಎರಡೂ ಆಂಧ್ರಕ್ಕೆ ಸೇರಿದ ಗಡಿ ಸೀಮೆ, ಮನೆಮಾತು ಕನ್ನಡ. ಇಲ್ಲಿ ಬೀದಿಗೆ ನಾಲ್ಕು ಮನೆಯಲ್ಲಾದರೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ನಾನೂ ಮನೆಯಲ್ಲೇ ಒಂದು ಮಿಷನ್ ಇಟ್ಟುಕೊಂಡು ಹೊಲಿಯುತ್ತೇನೆ. ನಮ್ಮ ಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಕಣೇಕಲ್ಲು, ಬೊಮ್ಮನಹಾಳ್, ಮಡಕಶಿರಾ ಅಂತ ಈ ಸೀಮೆಯಲ್ಲಿ ಅವರು ಬಸ್ ಓಡಿಸದ ರಸ್ತೆಯೇ ಇಲ್ಲ. ನನ್ನನ್ನು ನೋಡಲು ಬಂದ ದಿನ ಕೂಡ ನಮ್ಮೂರಿನ ರಸ್ತೆಯ ತಿರುವನ್ನು ಹೊಗಳಿ ಹೋದರೇ ಹೊರತು ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ದೊಡ್ಡ ಆಕಾರ, ದಪ್ಪ ಗೆರೆ ಕಾಣುತ್ತವೆ. ಅಕ್ಷರ ಕಾಣುವುದಿಲ್ಲ, ಮುಖಗಳ ಗುರುತು ಸಿಗುವುದಿಲ್ಲ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಿದ್ದವರು ಒಂದು ದಿನ ನಿಲ್ಲಿಸಿಬಿಟ್ಟರು. ಯಾಕೆಂದು ಅತ್ತೆ ಕೇಳಿದಾಗ, “ಯಾವನೋ ಬಂದು ಹೆಗಲ ಮ್ಯಾಲೆ ಕೈ ಇಟ್ಟು ಅಣ್ಣಾ ಅಂತಾನ. ಅವ ಯಾರಂತ ನಂಗ ಗೊತ್ತಾಗಂಗಿಲ್ಲ. ಸುಮ್ಮನ ಹಲ್ಲು ಕಿರಿದು ಕುಂದ್ರಬೇಕು. ಬ್ಯಾಡ ಬಿಡು” ಅಂದರು.

ಆಮೇಲೆ ಎರಡು ವರ್ಷ ಅವರು ಮನೆಯ ಕಟ್ಟೆ ಬಿಟ್ಟು ಇಳಿಯಲಿಲ್ಲ. ಊಟಕ್ಕೆ ಕರೆದರೂ “ಹ್ಞೂಂ”, ಮಾತ್ರೆ ಕೊಟ್ಟರೂ “ಹ್ಞೂಂ”. ಇಡೀ ದಿನ ನನ್ನ ಮಿಷನ್ನಿನ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಮೊದಲು ಬಾಯ್ತುಂಬ ಬೈಯುತ್ತಿದ್ದ ಮಾವನೇ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಮನುಷ್ಯ ಹೀಗೇ ಕರಗಿ ಹೋಗಿಬಿಡುತ್ತಾರೇನೋ ಎಂದು ನಿಜವಾಗಿಯೂ ಹೆದರಿಕೆಯಾಗಿತ್ತು.

ಹಾಗಿರುವಾಗ ನಮ್ಮ ಯಜಮಾನರು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದರು. ಬಳ್ಳಾರಿ ಕಡೆ ಕಾರ್ ರ್‍ಯಾಲಿ ನಡೆಸುವ ಒಂದು ಗುಂಪಿನವರು ನಮ್ಮೂರಿನಲ್ಲಿ ‘ಟೇಬಲ್ ರ್‍ಯಾಲಿ’ ಮಾಡುತ್ತಾರಂತೆ. ಕಾರಿಲ್ಲ, ಪೆಟ್ರೋಲಿಲ್ಲ. ಮೇಜಿನ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್ಲು. ಒಗಟಿನಂಥ ಸುಳಿವುಗಳನ್ನು ಬಿಡಿಸುತ್ತಾ ನಕ್ಷೆಯಲ್ಲಿ ದಾರಿ ಹುಡುಕಿ, ದಾರಿಯಲ್ಲಿ ಸಿಗುವ ಊರುಗಳನ್ನು ಬರೆಯಬೇಕು. ಜೋಡಿಯಲ್ಲಿ ಒಬ್ಬರು ಡ್ರೈವರ್, ಇನ್ನೊಬ್ಬರು ದಾರಿ ಹೇಳುವವರು. “ಕುಂತಲ್ಲೇ ಕಾರು ಓಡಸ್ತಾರಂತ ನೋಡು!” ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಕಟ್ಟೆಯ ಕಡೆ ಹೋಯಿತು.

ಮಾವನಿಗೆ ವಿಷಯ ಹೇಳಿದೆ. “ಕಣ್ಣು ಕಾಣದವಂಗ ನಕ್ಷೆ ಯಾಕವ್ವ?” ಅಂದರು.

“ಕಣ್ಣು ನಂದು ಮಾವ, ದಾರಿ ನಿಮ್ದು. ಮಿಷನ್ ಮುಂದೆ ಕೂತೋಳಿಗೆ ಯಾವ ರಸ್ತೆ ಎಲ್ಲಿಗೆ ಹೋಗ್ತದೆ ಅಂತ ಏನ್ ಗೊತ್ತಾಗ್ತದೆ?”

ಎಂದಿನ “ಹ್ಞೂಂ” ಬರಲಿಲ್ಲ. ಗಂಟಲು ಸರಿಮಾಡಿಕೊಂಡರು. ಅಷ್ಟು ಸಾಕೆಂದು ಹೆಸರು ಕೊಟ್ಟುಬಿಟ್ಟೆ.

ಆ ಗುಂಪಿನವರು ಕಳಿಸಿದ ಮಾದರಿ ಒಗಟುಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದೆ. ಮೊದಲ ಎರಡು ದಿನ ತಲೆಬುಡ ತಿಳಿಯಲಿಲ್ಲ. ಒಂದು ಒಗಟಿನಲ್ಲಿ ಬರೀ ಒಂದು ನೇರ ಗೆರೆ, ಅದರ ಎಡಕ್ಕೂ ಬಲಕ್ಕೂ ಮೀನಿನ ಮುಳ್ಳಿನ ಹಾಗೆ ಚಿಕ್ಕ ಚಿಕ್ಕ ಕಡ್ಡಿಗಳು. ಮೂರನೇ ದಿನ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುತ್ತಿದ್ದಾಗ ಥಟ್ಟನೆ ಹೊಳೆಯಿತು. ಬಟ್ಟೆ ಸೊಂಟದಲ್ಲಿ ಬಾಗಿದ್ದರೂ ಸೂಜಿಯ ಕೆಳಗೆ ಹೋಗುವಾಗ ನಾವು ಅದನ್ನು ನೇರ ಮಾಡಿಕೊಂಡೇ ಹೊಲಿಯುತ್ತೇವೆ. ಇಲ್ಲೂ ಹಾಗೇ, ಡೊಂಕು ದಾರಿಯನ್ನು ಎಳೆದು ನೆಟ್ಟಗೆ ಮಾಡಿದ್ದಾರೆ. ಕಡ್ಡಿಗಳೆಂದರೆ ನಾವು ತಿರುಗದೆ ಬಿಟ್ಟುಹೋಗುವ ರಸ್ತೆಗಳು. ಮಾವನಿಗೆ ಹೇಳಿದರೆ, “ಅಂದ್ರ ಎಡಕ್ಕ ಒಂದು ಬಿಡು, ಬಲಕ್ಕ ಎರಡು ಬಿಡು. ಕಂಡಕ್ಟ್ರು ಹೊಸಾ ಡ್ರೈವರ್‌ಗ ಹಿಂಗ ಹೇಳ್ತಾನ” ಅಂದರು. ಎರಡು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದರು.

ಸ್ಪರ್ಧೆಗೆ ಹನ್ನೆರಡು ಜೋಡಿ ಬಂದಿದ್ದವು. ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ಸೆರಗು ಹೊದ್ದ ಸೊಸೆ, ಪಂಚೆಯುಟ್ಟ ಮಾವ ನಾವು ಮಾತ್ರ. ಟೋಪಿ ಹಾಕಿಕೊಂಡ ಬಳ್ಳಾರಿಯ ಮೇಡಂ ಒಬ್ಬರು ನಿಯಮಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿದರು. ಅತ್ತೆ ಬುತ್ತಿ ಹಿಡಿದು ಹಿಂದಿನ ಸಾಲಿನಲ್ಲಿ ಕೂತರು.

ಮೊದಲ ಸುತ್ತಿನ ನಕ್ಷೆ ಕಣೇಕಲ್ಲಿನಿಂದ ಬೊಮ್ಮನಹಾಳ್ ಕಡೆಯದು. ಎಲ್ಲಾ ಸರಿಯಾಗಿಯೇ ನಡೆದಿತ್ತು. ಕೆರೆಯ ಹತ್ತಿರ ಬಂದಾಗ ನಕ್ಷೆಯಲ್ಲಿದ್ದ ದಾರಿ ಓದಿ ಹೇಳಿದೆ. ಮಾವ ತಲೆ ಅಲ್ಲಾಡಿಸಿದರು. “ಆ ದಾರಿ ಈಗ ಎಲ್ಲೈತಿ? ಕಾಲುವಿ ಮಗ್ಗಲಿಂದ ಹೋಗಬೇಕು. ನಾನು ಓಡ್ಸೀನೋ, ಈ ಕಾಗದ ಓಡ್ಸೈತೋ?” ಸುಳಿವಿಗೆ ಅದು ಕೂಡುತ್ತಿರಲಿಲ್ಲ, ನನಗೆ ಗೊತ್ತಾಗುತ್ತಿತ್ತು. ಆದರೂ ಮಾವನ ಮಾತಿಗೆ ಎದುರಾಡಲು ಬಾಯಿ ಬರಲಿಲ್ಲ. ಅವರು ಹೇಳಿದ್ದನ್ನೇ ಬರೆದೆ. ಮೂರು ಊರು ತಪ್ಪಾದವು.

“ಅಜ್ಜಾರ, ನೀವು ಹೇಳೋ ದಾರಿನೂ ಖರೇನ ಇರಬಹುದ್ರಿ. ಆದ್ರ ಈ ಆಟದಾಗ ನಕ್ಷೆ ಹೇಳಿದ್ದೇ ದಾರಿ” ಎಂದರು ಮೇಡಂ. ಮಾವನ ಮುಖ ಕೆಂಪಾಯಿತು. ಕೊನೆಯ ಸುತ್ತಿಗೆ ಆರಿಸಿದ್ದು ನಾಲ್ಕು ಜೋಡಿ. ನಾವು ಹೇಗೋ ನಾಲ್ಕನೆಯವರಾಗಿ ಉಳಿದುಕೊಂಡಿದ್ದೆವು. ಮಾವ ಮಾತ್ರ ಎದ್ದು ನಿಂತುಬಿಟ್ಟಿದ್ದರು. “ನಡಿಯವ್ವ ಮನಿಗೆ. ಇಲ್ಲದ ದಾರ್‍ಯಾಗ ನಂಗ ಓಡ್ಸಾಕ ಬರಂಗಿಲ್ಲ.”

ಅವರು ಹಾಗೆ ಮನೆಗೆ ಹೋದರೆ ಮತ್ತೆ ಕಟ್ಟೆ ಇಳಿಯುವುದಿಲ್ಲ ಎನ್ನುವುದು ನನಗೆ ಖಂಡಿತ ಗೊತ್ತಿತ್ತು. ಎಲ್ಲಿಂದ ಧೈರ್ಯ ಬಂತೋ, ಕೇಳಿಯೇಬಿಟ್ಟೆ. “ಮಾವ, ಡಿಪೋದಲ್ಲಿ ಒಂದು ರೂಟು ಬರೆದು ಕೊಟ್ಟರೆ, ನಂಗೆ ಬೇರೆ ಒಳ್ಳೇ ದಾರಿ ಗೊತ್ತು ಅಂತ ನೀವು ಬಸ್ಸು ಆ ಕಡೆ ತಿರುಗಿಸ್ತಿದ್ರಾ?”

ಅವರು ನನ್ನ ದನಿ ಬಂದ ಕಡೆ ತಿರುಗಿದರು. “ಸಸ್ಪೆಂಡ್ ಮಾಡ್ತಿದ್ರು” ಅಂದರು. ಆಮೇಲೆ ನಿಧಾನಕ್ಕೆ ಕೂತರು. “ಆತು. ಇನ್ನ ನೀನು ಹೇಳಿದ್ದೇ ರೂಟು. ಹೆದರಬ್ಯಾಡ, ಜೋರಾಗಿ ಹೇಳು.”

ಕೊನೆಯ ಸುತ್ತಿಗೆ ಜೋಡಿಗೊಂದರಂತೆ ಊಟದ ಮೇಜಿನಷ್ಟು ಅಗಲದ ನಕ್ಷೆ ಹಾಸಿದರು. ರಸ್ತೆಗಳು ಬೆರಳು ದಪ್ಪ ಇದ್ದವು, ಮಾವನಿಗೂ ಕಂಡವು. ಡ್ರೈವರ್ ಆದವರು ಒಂದು ಆಟಿಕೆ ಕಾರನ್ನು ರಸ್ತೆಯ ಮೇಲೆ ತಳ್ಳಬೇಕು. ದಾರಿ ಹೇಳುವವರು ಬೆರಳು ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು. ದಾರಿಯ ಪ್ರತಿ ಊರಿನ ಹೆಸರನ್ನೂ ಕೂಗಿ ಹೇಳಬೇಕು. ಕೂಗಿದ ಮೇಲೆ ಆ ಮೇಜಿನ ಬಳಿ ನಿಂತವರು ಟಿಕ್ ಹಾಕುತ್ತಾರೆ, ನಮ್ಮ ಮೇಜಿಗೆ ಮೇಡಂ. ಟಿಕ್ ಬೀಳದೆ ಕಾರು ಮುಂದಕ್ಕೆ ಹೋಗುವಂತಿಲ್ಲ. ಒಟ್ಟು ಹದಿನೈದು ನಿಮಿಷ.

ನಮಗೆ ಬಂದದ್ದು ಮಡಕಶಿರಾದಿಂದ ಹೇಮಾವತಿಗೆ ಹೋಗುವ ದಾರಿ, ನನ್ನ ತವರಿನ ನೆಲ! ಈಗ ನನ್ನ ಬಾಯಿಗೂ ನಾವು ಚಿಕ್ಕಂದಿನಲ್ಲಿ ನಡೆದ ಅಡ್ಡದಾರಿಗಳೇ ಬರತೊಡಗಿದವು. ತುಟಿ ಕಚ್ಚಿಕೊಂಡು ಸುಳಿವಿನ ಹಾಳೆಯಲ್ಲಿದ್ದುದನ್ನಷ್ಟೇ ಓದಿದೆ. “ಎಡಕ್ಕೆ ಒಂದು ಬಿಡಿ ಮಾವ. ಬಲಕ್ಕೆ ಎರಡು ಬಿಡಿ. ಈಗ ಬಲಕ್ಕೆ ಹೊರಳಿ.” ಅವರ ಕೈಯಲ್ಲಿ ಕಾರು ನೂಲು ಹಿಡಿದಂತೆ ಹೋಯಿತು. ತಿರುವು ಬಂದಲ್ಲಿ ಅವರ ಭುಜ ಕೂಡ ವಾಲುತ್ತಿತ್ತು. ನಾಲ್ಕು ಊರಿಗೆ ಟಿಕ್ ಬಿತ್ತು. ಪಕ್ಕದ ಮೇಜಿನವರು ಇನ್ನೂ ಎರಡನೆಯದರಲ್ಲೇ ಇದ್ದರು.

ಐದನೆಯ ಊರಿನ ಹೆಸರು ಓದಿದವಳೇ ನಿಂತುಬಿಟ್ಟೆ. ತಿಮ್ಮಪ್ಪನಹಳ್ಳಿ.

ನಮ್ಮ ಮಾವನ ಹೆಸರು ತಿಮ್ಮಪ್ಪ. ಬರೆಯಲು ನನಗೇನೂ ಅಡ್ಡಿಯಿಲ್ಲ, ಬಾಯಲ್ಲಿ ಹೇಳುವಂತಿಲ್ಲ. ಆಫೀಸುಗಳಲ್ಲಿ ಮಾವನ ಹೆಸರೇನೆಂದು ಕೇಳಿದರೆ ಅವರ ಆಧಾರ್ ಕಾರ್ಡನ್ನೇ ಮುಂದೆ ಚಾಚುತ್ತೇನೆ. ತಿರುಪತಿಯಲ್ಲಿ ಎಲ್ಲರ ಜೊತೆ ನಿಂತಾಗಲೂ ವೆಂಕಟರಮಣಾ ಎಂದೇ ಕೂಗಿದವಳು ನಾನು. ಅಂಥವಳು ಅವರ ಪಕ್ಕದಲ್ಲೇ ಕೂತು, ಊರ ಜನರ ಎದುರು, ಆ ಹೆಸರನ್ನು ಹೇಗೆ ಕೂಗಲಿ?

“ಯಾಕ ನಿಂತಿ? ಯಾವ ಊರು?” ಎಂದರು ಮಾವ.

“ನಿಮ್ಮ ಹೆಸರಿನ ಊರು ಮಾವ” ಎಂದು ಮೆಲ್ಲಗೆ ಹೇಳಿದೆ.

ಮಾವನಿಗೆ ತಕ್ಷಣ ತಿಳಿಯಿತು. ಕಾರನ್ನು ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸಿದರು. ಮೇಡಂ ಮಾತ್ರ ಪೆನ್ನು ಎತ್ತಲಿಲ್ಲ. “ಊರಿನ ಹೆಸರು ಹೇಳ್ರಿ ಅಕ್ಕಾ. ಇಲ್ಲಂದ್ರ ಟಿಕ್ ಹಾಕಂಗಿಲ್ಲ.”

“ಅದು... ನಮ್ಮ ಮಾವನವರ ಹೆಸರು ಮೇಡಂ. ನಾನು ಹೇಳಂಗಿಲ್ಲ.”

ಮಂಟಪದಲ್ಲಿ ನಗು ಎದ್ದಿತು. ಮೇಡಂ ಕೂಡ ನಕ್ಕರು, ಪೆನ್ನು ಮಾತ್ರ ಅಲ್ಲಾಡಲಿಲ್ಲ. ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಅಲ್ಲಿಂದ ಎದ್ದು ಓಡಿಹೋಗೋಣ ಅನ್ನಿಸಿತು.

ಮಾವ ಕಾರಿನಿಂದ ಕೈ ತೆಗೆಯದೆ ಹೇಳಿದರು. “ಹೇಳವ್ವ.”

“ಆಗಲ್ಲ ಮಾವ.”

“ನಾನ ಹೇಳಾಕತ್ತೀನಲ್ಲ. ಅದೇನು ಬೈಗುಳ ಏನು? ನನ್ನ ಹೆಸರು. ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟ್ರು ಕೂಗ್ತಾನಲ್ಲ, ಹಂಗ ಕೂಗು. ಬಸ್ಸು ನಿಂತೈತಿ ನೋಡು, ಜನ ಕಾಯಾಕತ್ಯಾರ.”

ಹಿಂದಿನ ಸಾಲಿನಿಂದ ಅತ್ತೆಯ “ಅಯ್ಯ ಶಿವನೇ!” ಕೇಳಿಸಿತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ. “ತಿಮ್ಮಪ್ಪನಹಳ್ಳೀ!”

ಎಷ್ಟು ಜೋರಾಗಿ ಕೂಗಿದೆನೆಂದರೆ ಹೊರಗೆ ಆಟೋದಲ್ಲಿ ಕೂತಿದ್ದವರು ಬಾಗಿಲಿಗೆ ಬಂದು ನೋಡಿದರಂತೆ. ಟಿಕ್ ಬಿತ್ತು. ಅದೇ ಭರದಲ್ಲಿ ನನ್ನ ಬಾಯಿಂದ “ರೈಟ್, ರೈಟ್!” ಎಂದೂ ಬಂದುಬಿಟ್ಟಿತು. ಮಾವ ಗೇರ್ ಹಾಕಿದವರಂತೆ ಎಡಗೈ ಆಡಿಸಿ ಕಾರು ಬಿಟ್ಟರು. ಉಳಿದೆರಡು ಊರು ದಾಟಿ ಹೇಮಾವತಿಯ ದೇವಸ್ಥಾನದ ಗುರುತಿನ ಹತ್ತಿರ ನಿಲ್ಲಿಸಿದಾಗ ಇನ್ನೂ ಅರ್ಧ ನಿಮಿಷ ಇತ್ತು.

ನಮಗೆ ಎರಡನೇ ಬಹುಮಾನ ಬಂತು, ಒಂದು ಫ್ಲಾಸ್ಕು. ಹೆಸರು ಹೇಳದೆ ಕೂತು ಕಳೆದ ಹೊತ್ತಿನಿಂದಲೇ ಮೊದಲನೆಯದು ತಪ್ಪಿತು ಎಂದು ಮೇಡಂ ಆಮೇಲೆ ಹೇಳಿದರು. ನನಗೆ ಬೇಸರವಾಗಲಿಲ್ಲ, ಅಂಜಿಕೆ ಮಾತ್ರ ಇತ್ತು. ಮನೆಗೆ ಹೋಗುವಾಗ ಆಟೋದಲ್ಲಿ ಮಾವ ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅತ್ತೆ ಹೊರಗೆ ನೋಡುತ್ತಿದ್ದರು. ಕೊನೆಗೆ ನಾನೇ, “ತಪ್ಪಾಯ್ತು ಮಾವ” ಅಂದೆ.

“ತಪ್ಪು ಯಾಕ?” ಎಂದರು. ಫ್ಲಾಸ್ಕಿನ ಮುಚ್ಚಳ ತಿರುವುತ್ತಾ, “ನಮ್ಮವ್ವ ಸತ್ತ ಮ್ಯಾಲೆ ನಮ್ಮ ಮನಿಯಾಗ ಆ ಹೆಸರು ಕೂಗಿದವರೇ ಇಲ್ಲ. ಮಕ್ಕಳಿಗೆ ಅಪ್ಪ, ನಿನಗ ಮಾವ, ಇಕಿಗೆ ಏನ್ರಿ. ಬಸ್‌ಸ್ಟ್ಯಾಂಡಿನ್ಯಾಗಾದ್ರ ದಿನಾ ಕೇಳ್ತಿದ್ದೆ. ಇವತ್ತು ಕೇಳಿ ಚಲೋ ಅನಿಸ್ತು” ಅಂದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೂ ಅಳು ಬಂತು.

ಮರುದಿನ ಬೆಳಿಗ್ಗೆ ಮಾವ ಕಟ್ಟೆ ಇಳಿದು ಬಸ್‌ಸ್ಟ್ಯಾಂಡಿಗೆ ಹೊರಟರು. ನನಗೆ ತಡೆಯಲಾಗದೆ ಬಸ್‌ಸ್ಟ್ಯಾಂಡಿನ ತಿರುವಿನ ತನಕ ಹಿಂದೆಯೇ ಹೋದೆ. ಹೋಟೆಲಿನ ಮುಂದೆ ಯಾರೋ ಬಂದು ಅವರ ಹೆಗಲ ಮೇಲೆ ಕೈ ಇಟ್ಟರು. ಮಾವ ಹಲ್ಲು ಕಿರಿದು ಸುಮ್ಮನಿರಲಿಲ್ಲ. “ಕಣ್ಣು ಕಾಣಂಗಿಲ್ಲಪ್ಪ. ಹೆಸರು ಹೇಳಿ ಮಾತಾಡು” ಅಂದರು. ಅವನು ಹೇಳಿದ. “ಏ ನೀನೇನೋ!” ಎಂದು ಮಾವ ಅವನ ಬೆನ್ನಿಗೆ ಗುದ್ದಿದರು. ನಾನು ಮನೆಗೆ ತಿರುಗಿ ಬಂದು ಮಿಷನ್ ಮುಂದೆ ಕೂತೆ.

ಅವತ್ತಿನಿಂದ ಅವರ ಬೆಳಗಿನ ಚಹಾ ತಪ್ಪಿಲ್ಲ. ಮುಂದಿನ ಸ್ಪರ್ಧೆಗೂ ನಾವು ಹೆಸರು ಕೊಟ್ಟಿದ್ದೇವೆ. ಸಂಜೆ ಕೆಲಸ ಮುಗಿಸಿ, ದೊಡ್ಡ ನಕ್ಷೆ ಹಾಸಿ ಆಟಿಕೆ ಕಾರು ಇಟ್ಟುಕೊಂಡು ಅಭ್ಯಾಸಕ್ಕೆ ಕೂತರೆ, ದಾರಿ ಎಲ್ಲಿಂದ ಎಲ್ಲಿಗೆ ಎನ್ನುವುದನ್ನು ಮಾವನೇ ಗೊತ್ತುಮಾಡುತ್ತಾರೆ. ಎಲ್ಲಿಂದ ಹೊರಟರೂ ಹೇಗಾದರೂ ಸುತ್ತು ಹಾಕಿಸಿ ಬಸ್ಸನ್ನು ಒಮ್ಮೆ ತಿಮ್ಮಪ್ಪನಹಳ್ಳಿಗೆ ಒಯ್ಯುತ್ತಾರೆ. ಆ ತಿರುವು ಬಂದಾಗ ಕಾರು ನಿಲ್ಲಿಸಿ, ಏನೂ ತಿಳಿಯದವರ ಹಾಗೆ ಕೇಳುತ್ತಾರೆ. “ಇದು ಯಾವ ಊರವ್ವ?”

ನಾನು ಕೂಗುತ್ತೇನೆ. ಈಗ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಅವರ ಮುಖ ನೋಡಿಕೊಂಡೇ ಕೂಗುತ್ತೇನೆ.